ಮಲಗಿಸಿಟ್ಟ ಬಾಟಲಿ

ವಿಸ್ಕಿ ಬಾಟಲಿಯನ್ನು ಎಂದೂ ಮಲಗಿಸಿ ಇಡಬೇಡಿ. ವೈನ್ ಬೇರೆ, ಅದರ ಕಾರ್ಕ್ ನೆನೆದಿರಬೇಕು. ವಿಸ್ಕಿಯ ಖಾರ ಕಾರ್ಕನ್ನೇ ತಿಂದುಹಾಕುತ್ತದೆ. ಡ್ಯೂಸೆಲ್ಡಾರ್ಫಿನ ನಮ್ಮ ಕೆಳಮನೆಯ ನಿವೃತ್ತ ಇಂಜಿನಿಯರರಿಗೆ ಇದು ಗೊತ್ತಿರಲಿಲ್ಲ. ಒಂದು ಶನಿವಾರ ಕೆಲ್ಲರ್ ಎನ್ನುವ ನೆಲಮಾಳಿಗೆಯ ಉಗ್ರಾಣ ಖಾಲಿ ಮಾಡುತ್ತಿದ್ದವರು, ವೈನ್ ಸಾಲಿನಲ್ಲಿ ಅಡ್ಡ ಮಲಗಿದ್ದ ಬಾಟಲಿಯೊಂದನ್ನು ಎತ್ತಿ, "ನಾನು ಬಿಯರ್ ಮನುಷ್ಯ. ಕೊಳ್ಳುತ್ತೀರಾ?" ಎಂದರು.

ಲೇಬಲನ್ನು ಎರಡು ಸಲ ಓದಿದೆ. ಸ್ಕಾಟ್ಲೆಂಡಿನ ದಕ್ಷಿಣದ ತಗ್ಗುಸೀಮೆಯ ಹಳೆಯ ಸಿಂಗಲ್ ಮಾಲ್ಟ್. ಅದನ್ನು ಬಟ್ಟಿ ಇಳಿಸುತ್ತಿದ್ದ ಕಾರ್ಖಾನೆ ಎಂದೋ ಮುಚ್ಚಿ, ತಾಮ್ರದ ಹಂಡೆಗಳು ಗುಜರಿಗೆ ಹೋಗಿ, ಆ ಜಾಗದಲ್ಲೀಗ ಮನೆಗಳೆದ್ದಿವೆ. ಇನ್ನು ಹೊಸದಾಗಿ ಒಂದು ಹನಿಯೂ ಹುಟ್ಟುವುದಿಲ್ಲ. ಸೀಲು ಒಡೆಯದ ಆ ಬಾಟಲಿ ನನ್ನ ಕಪಾಟಿಗೆ ಬರಲೇಬೇಕಿತ್ತು.

ಹರ್ಟ್ಸೋಗೆನಾವ್‌ರಾಕ್‌ನಿಂದ ವಾರಾಂತ್ಯಕ್ಕೆ ನಮ್ಮ ಮನೆಗೆ ಬಂದಿದ್ದ ಮೈಸೂರಿನ ಗೆಳೆಯ ಕಿವಿಯಲ್ಲಿ ಪಿಸುಗುಟ್ಟಿದ: "ಕೇಳಿದ್ ರೇಟ್ ಕೊಟ್ಟು ತಗೊಂಡ್ಬಿಡು ಗುರು, ಪ್ಲೀಸ್."

"ಬಾಯ್ಮುಚ್ಕೊಂಡು ನೋಡ್ತಿರು ಮಗಾ."

ಬೇಕಾದ ಸರಕನ್ನು ಬೇಡದವನಂತೆ ನೋಡಬೇಕು. ಬರಿಗೈಯಲ್ಲಿ ಈ ದೇಶಕ್ಕೆ ಬಂದ ನಾನು ಮನೆ ತುಂಬಿಸಿದ್ದು ಹಾಗೆಯೇ. ಬಾಟಲಿಯನ್ನು ಬೆಳಕಿಗೆ ಹಿಡಿದೆ. ಮದ್ಯ ಕತ್ತಿನವರೆಗೂ ಇತ್ತು, ಅಂದರೆ ಆವಿಯಾಗಿರಲಿಲ್ಲ. ಆ ಮಾತನ್ನು ನುಂಗಿಕೊಂಡು ತಲೆಯಾಡಿಸಿದೆ: "ಮಲಗಿಸಿಬಿಟ್ಟಿದ್ದೀರಿ. ಕಾರ್ಕ್ ಕರಗಿರುತ್ತದೆ. ಬಹುಶಃ ಹಾಳಾಗಿದೆ."

ನಾನು ಎಣಿಸಿದ್ದು ಅವರು ಬೆಲೆ ಕಡಿಮೆ ಹೇಳುತ್ತಾರೆಂದು. ಆದರೆ ಇಂಜಿನಿಯರ್ ಅಲ್ಲವೇ, ಅನುಮಾನ ಬಂದರೆ ಪರೀಕ್ಷಿಸಿಯೇ ನೋಡುವ ಜಾತಿ. "ಹಾಳಾದದ್ದನ್ನು ನೆರೆಯವರಿಗೆ ಮಾರಲಾರೆ" ಎಂದವರೇ ಸೀಲು ಕಿತ್ತರು. "ಬೇಡ, ಬೇಡ!" ಎನ್ನುವಷ್ಟರಲ್ಲಿ ಅರ್ಧ ಕಾರ್ಕ್ ಪುಡಿಯಾಗಿ ಒಳಗೆ ಬಿತ್ತು.

"ಭೇಷ್ ಗುರು! ಕೊತ್ತಂಬರಿ ಸೊಪ್ಪಿನ ಚೌಕಾಶಿ ಇಲ್ಲಿಗೂ ತಂದ್ಯಲ್ಲಾ" ಎಂದ ಗೆಳೆಯ.

ಟೀ ಜಾಲರಿಯಲ್ಲಿ ಸೋಸಿದೆವು. ಕಾಫಿ ಫಿಲ್ಟರ್ ಕಾಗದ ಬಳಸಬೇಡಿ, ಪರಿಮಳವನ್ನೂ ಹೀರಿಬಿಡುತ್ತದೆ. ಮೂರು ಲೋಟಗಳಿಗೆ ಸುರಿದು ಮೂಗಿಗೆ ಹಿಡಿದಾಗ ನನ್ನ ಸಂಕಟವೆಲ್ಲ ಮರೆತುಹೋಯಿತು. ಹೊಗೆಯಿಲ್ಲ, ಒರಟಿಲ್ಲ. ಮೊದಲು ಚಕ್ಕೋತದ ಸಿಪ್ಪೆ, ಆಮೇಲೆ ಜೇನುಮೇಣ, ಕೊನೆಗೆ ಆಗತಾನೇ ಹುರಿದ ಅರಳಿನ ಘಮ. ನುಂಗಿದ ಮೇಲೂ ರುಚಿ ನಾಲಿಗೆ ಬಿಟ್ಟು ಹೋಗಲೊಲ್ಲದು. ಇಷ್ಟು ಮೃದುವಾದದ್ದು ಇಷ್ಟು ಹೊತ್ತು ನಿಲ್ಲುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಮಾಡಿದವರ ಕೈಗೆ ದೊಡ್ಡದೊಂದು ನಮಸ್ಕಾರ ಹೇಳಿದೆ.

ಬಿಯರ್ ಮನುಷ್ಯನೆಂದಿದ್ದ ಇಂಜಿನಿಯರರು ಖಾಲಿ ಲೋಟವನ್ನು ಮತ್ತೆ ಮತ್ತೆ ಮೂಸಿದರು. "ಹಾಳಾಗಿದೆಯೇ?"

"ಇಲ್ಲ" ಎಂದೆ. ಆ ರುಚಿಯ ಮುಂದೆ ಸುಳ್ಳು ಹೊರಡಲಿಲ್ಲ.

"ಹಾಗಾದರೆ ಮಾರುವುದಿಲ್ಲ."

ಹಿಂದೆ ಬೇರೊಂದು ಖಾಲಿ ಬಾಟಲಿಯಿಂದ ತೆಗೆದಿಟ್ಟಿದ್ದ ಒಳ್ಳೆಯ ಕಾರ್ಕೊಂದು ನನ್ನಲ್ಲಿತ್ತು; ನೀವೂ ಒಂದನ್ನು ಇಟ್ಟುಕೊಂಡಿರಿ. ಅದನ್ನು ತಂದು ಬಿಗಿಯಾಗಿ ಮುಚ್ಚಿ, ಬಾಟಲಿಯನ್ನು ಅವರ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಕಾರ್ಕಿಗೆ ಬದಲಾಗಿ ಇನ್ನೊಂದು ಗುಟುಕು ಕೇಳಿದೆ. ಅವರು ಕಪಾಟಿನ ಬಾಗಿಲು ಹಾಕಿ, ನನ್ನ ಹೆಂಡತಿ ಹಬ್ಬಕ್ಕೆ ಕೊಡುವ ಕೋಡುಬಳೆಯನ್ನು ನೆನಪಿಸಿದರು: ಒಂದು ಡಬ್ಬಿಗೆ ಒಂದು ಗುಟುಕು.

ಅರ್ಧ ಡಬ್ಬಿಗೆ ಇಳಿಸಲು ನೋಡಿದೆ. ಅವರು ಜಗ್ಗಲಿಲ್ಲ.