ಹಿಂದಿನ ಕೋಣೆಯವಳ ತೀರ್ಪು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ರೊಟ್ಟಿ ಬಡಿದು, ಯಜಮಾನರ ವಕೀಲಿಯ ಕಪ್ಪು ಕೋಟಿನ ಹೆಗಲಿಗೆ ಹತ್ತಿದ್ದ ಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅವರು ಪೇಪರಿನಿಂದ ಕಣ್ಣೆತ್ತದೆ ರೊಟ್ಟಿ ಮುರಿಯುತ್ತಿದ್ದರು. ತೆಲಂಗಾಣ ಬಂದ ವರ್ಷ ಅದು. ನಾರಾಯಣಪೇಟೆಯ ಕಚೇರಿಗಳ ಬೋರ್ಡುಗಳಲ್ಲಿ ಹಸಿ ಬಣ್ಣದ ವಾಸನೆ ಇನ್ನೂ ಇತ್ತು.

"ಗದ್ವಾಲದಾಗ ನಮ್ಮ ಜೂನಿಯರ್ ಆಫೀಸ್ ತೆಗಿತಾನ. ಇವತ್ತ ಬಂದು ನಮ್ಮಪ್ಪನ ಪುಸ್ತಕ ಒಯ್ತಾನ" ಎಂದರು. "ರಾಜ್ಯನ ಹೊಸಾದು ಆಗೇತಿ, ಇನ್ನ ಈ ಧೂಳು ಯಾಕ?"

ಆ ಧೂಳು ಒರೆಸುತ್ತಿದ್ದವಳು ನಾನು. ಒರೆಸುತ್ತ ಒರೆಸುತ್ತ ಓದುವ ಚಟ ಹಿಡಿದದ್ದು ಯಾರಿಗೂ ಗೊತ್ತಿರಲಿಲ್ಲ. ರಾಯಚೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಮದುವೆಯಾದ ಮೇಲೆ ಕೆಲಸಕ್ಕೆ ಬಂದದ್ದು ಅಲ್ಲೊಂದೇ ಕಡೆ. ವಕೀಲರಾಗಿದ್ದ ಮಾವನವರ ಪುಸ್ತಕಗಳಲ್ಲಿ ಈ ಸೀಮೆಯ ಜನಜೀವನದ ಚರಿತ್ರೆಯೂ ಇತ್ತು. ಗಂಡ ಸತ್ತವರು ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಾರೆ ಎಂದು ಅದರಲ್ಲಿ ಒಂದೇ ಸಾಲು. ಆದರೆ ಹಳೆಯ ತೀರ್ಪುಗಳ ಸಂಪುಟವೊಂದರಲ್ಲಿ ಅಂಥವಳೊಬ್ಬಳು ನನಗೆ ಸಿಕ್ಕಿದ್ದಳು. ಮಕ್ತಲ್ ಕಡೆಯವಳು. ಗಂಡನ ಅಣ್ಣ ಹಿತ್ತಲ ಬಾವಿಯ ದಾರಿಗೆ ಅಡ್ಡ ಗೋಡೆ ಕಟ್ಟಿಸಿದನೆಂದು ಕೋರ್ಟಿಗೆ ಹೋಗಿದ್ದಳು. ಕೊಡ ಹೊತ್ತು ಊರೆಲ್ಲ ಸುತ್ತಿ ಬರಬೇಕು ಎಂದು ಅವಳು ಹೇಳಿದ್ದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ನಮ್ಮ ಮಾತಿನಲ್ಲೇ ಕೇಳಿಸಿಕೊಳ್ಳುತ್ತಿದ್ದೆ. ದೊಡ್ಡ ಕೋರ್ಟು ಏನೂ ತೀರ್ಮಾನಿಸದೆ, ಮತ್ತೆ ವಿಚಾರಿಸಿರೆಂದು ಕೆಳಗಿನ ಕೋರ್ಟಿಗೆ ಕಳಿಸಿತ್ತು. ಗೋಡೆ ಬಿತ್ತೋ ಇಲ್ಲವೋ? ಮಧ್ಯಾಹ್ನದ ಹೊತ್ತು ಮುಂದಿನ ಸಂಪುಟಗಳಲ್ಲಿ ಅವಳನ್ನು ಹುಡುಕುತ್ತಿದ್ದೆ. ಕಪಾಟಿನ ಕೆಳಗಿನ ಸಾಲೊಂದು ಬಾಕಿಯಿತ್ತು.

ಜೂನಿಯರ್ ಬಂದು ಮೇಲಿನಿಂದ ಇಳಿಸತೊಡಗಿದ.

"ಎಲ್ಲಾ ಓದ್ತೀರೇನ್ರಿ?" ಎಂದೆ.

"ಎಲ್ಲಿ ಓದೋದು ವೈನಿ! ಬೇಕಾದ್ದು ಕಂಪ್ಯೂಟರಿನ್ಯಾಗ ಸಿಗ್ತೈತಿ. ಕುರ್ಚಿ ಹಿಂದ ಇಂಥಾ ದಪ್ಪ ದಪ್ಪ ಪುಸ್ತಕ ಇದ್ರ ಕಕ್ಷಿದಾರ ಎದ್ದು ಹೋಗಂಗಿಲ್ಲ ನೋಡ್ರಿ. ನನ್ನ ಮಾರಿ ನೋಡಿ ಯಾರು ಕುಂದ್ರತಾರ?"

ಅವನ ಕೈ ಕೆಳಗಿನ ಸಾಲಿಗೆ ಬಂದಾಗ ಯಜಮಾನರಿಗೆ ಹೇಳಿಯೇಬಿಟ್ಟೆ. "ಇದೊಂದು ಸಾಲು ಇರ್ಲಿ ರೀ. ಒಬ್ಬಾಕಿದು ಕೇಸು ಐತಿ, ಮುಂದೇನಾತು ನೋಡ್ಬೇಕು."

"ಯಾರಾಕಿ?"

ಹೇಳಿದೆ. ಕೋಟು ಹಾಕಿಕೊಳ್ಳುತ್ತ ಕೇಳಿದವರು ಗುಂಡಿ ಹಾಕುವಾಗ ನಕ್ಕರು. "ಹುಚ್ಚಿ. ದೊಡ್ಡ ಕೋರ್ಟಿನ ತೀರ್ಪಷ್ಟ ಅಚ್ಚು ಹಾಕ್ತಾರ. ಕೆಳಗ ಮುಗದದ್ದು ಯಾವ ಪುಸ್ತಕದಾಗೂ ಬರಂಗಿಲ್ಲ. ನನ್ನ ಕೇಳಿದ್ರ ಆವಾಗ ಹೇಳ್ತಿದ್ದೆ."

ಕೇಳಬಹುದಿತ್ತು. ಯಾವ ಹೊತ್ತಿನಲ್ಲಿ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಕೆಳಗಿನ ಸಾಲನ್ನು ನಾನೇ ತೆಗೆದು ಕೊಟ್ಟೆ. ಹುಳ ಹಿಡಿಯದಿರಲೆಂದು ನಡುನಡುವೆ ನಾನಿಟ್ಟಿದ್ದ ಬೇವಿನೆಲೆಗಳು ಒಣಗಿ ಉದುರಿದವು. ಕಪಾಟೂ ಪುಸ್ತಕಗಳ ಜೊತೆಗೇ ಗಾಡಿ ಹತ್ತಿತು. ಅದರ ಹಿಂದಿನ ಗೋಡೆಯಲ್ಲಿ ಸುಣ್ಣ ಹೊಸದರಂತೆ ಬೆಳ್ಳಗಿತ್ತು. ಮಧ್ಯಾಹ್ನ ಕಸ ಗುಡಿಸಿದ ಮೇಲೆ ಬೇರೆ ಕೆಲಸವಿರಲಿಲ್ಲ. ಆ ಮಕ್ತಲ್ ಕಡೆಯವಳು ಕೊನೆಯವರೆಗೂ ಊರು ಸುತ್ತಿಯೇ ನೀರು ತಂದಳೇನೋ ಎಂದುಕೊಳ್ಳುತ್ತ ಅಲ್ಲೇ ಕೂತಿದ್ದೆ.

ಸಂಜೆ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದಳು. "ಅಕ್ಕಾ, ಮಸರಿಗೆ ಹೆಪ್ಪು ಐತೇನ್ರಿ?" ಬಾಗಿಲಲ್ಲಿ ನಿಂತು ಕೂಗಿದ ಅವಳ ದನಿ ಬರಿ ಗೋಡೆಗೆ ಬಡಿದು ಮರಳಿತು. ಬೆರಗಾಗಿ ಇನ್ನೊಮ್ಮೆ ಕೂಗಿ ನೋಡಿದಳು.

"ಅಯ್ಯ, ದನಿ ಹೊಳ್ಳಿ ಬರ್ತೈತಲ್ರೀ! ಛಲೋ ಆತು ಬಿಡ್ರಿ ಅಕ್ಕಾ, ನೀವು ಮಾತಾಡಿದ್ರ ತಿರುಗಿ ಮಾತಾಡಾಕ ಮನ್ಯಾಗ ಒಬ್ರಾದ್ರೂ ಸಿಕ್ರು."