ಗೇರು ಇಳಿಸದ ಕಾಕಾ

ಮೊಮ್ಮಗ ಹೊಸ ಲಾರಿ ತಂದು ನಿಲ್ಲಿಸಿ, "ಆಯಿ, ಇದಕ್ಕ ಹಾರ್ಸ್‌ಪವರ್ ಎಷ್ಟೈತಿ ಗೊತ್ತೇನು?" ಎಂದ. ಡೀಸೆಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹಳೇ ಸಿಟ್ಟು ಎದ್ದು ಕೂತಿತು.

ನಮ್ಮ ಕಾಕಾನೂ ಲಾರಿ ಇಟ್ಟಿದ್ದ. ಅವ್ವ ಬಾಣಂತನ ಮುಗಿಸಿ ತವರೂರು ತಿಕೋಟಾದಿಂದ ಜೋರಾಪುರ ಪೇಟೆಯ ಗಂಡನ ಮನೆಗೆ ಹೊರಟದ್ದು ಅದರಲ್ಲೇ, ಜೋಳದ ಚೀಲಗಳ ಮೇಲೆ ಕೂತು. ಏರಿನಲ್ಲಿ ಎಂಜಿನ್ ಗಡಗಡ ನಡುಗಿತು. ಒಂದನೇ ಗೇರಿಗೆ ಇಳಿಸಿದ್ದರೆ ಓಟ ತಗ್ಗಿ, ಗಾಲಿ ತಿರುಗಿಸುವ ಬಲ ಹೆಚ್ಚುತ್ತಿತ್ತು. ಟಾರ್ಕ್ ಎಂದರೆ ಅದೇ. ಆದರೆ ತೆವಳುತ್ತ ಹೋದರೆ ಹಿಂದಿನ ಲಾರಿಯವರು ನಗುತ್ತಾರೆಂದು ಈ ಮಹಾರಾಯ, "ಹೆಂಗಸರೆಲ್ಲಾ ಇಳೀರಿ, ನಡಕೋತ ಬರ್ರಿ!" ಎಂದು ಚೀರಿದ.

ಕಾಕಾನ ತಾಯಿ, ನಮ್ಮ ಅಜ್ಜಿ, ಸೆರಗು ಬಿಗಿದು ಇಳಿದಳು. "ಏರಿನ್ಯಾಗ ಎತ್ತು ಓಡಸ್ತಾರೇನೋ? ಮೆಲ್ಲಕ ಜಗ್ಗಸ್ತಾರ!"

"ಇದು ಚಕ್ಕಡಿ ಅಲ್ಲಬೇ, ಕುದುರಿ ಶಕ್ತಿ ಐತಿ ಇದಕ್ಕ!"

ಕೂಸನ್ನು ಎದೆಗವಚಿಕೊಂಡ ಅವ್ವ ಆ ಉರಿಬಿಸಿಲಲ್ಲಿ ಏರು ಹತ್ತಿದಳು. ಹಗುರಾದ ಲಾರಿ ಅವಳ ಮುಖಕ್ಕೆ ಹೊಗೆ ಉಗುಳಿ ಮುಂದೆ ಹೋಯಿತು. ಆ ಕಾಕಾನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೊಮ್ಮಗ ಇನ್ನೂ ಕುದುರೆಗಳನ್ನೇ ಎಣಿಸುತ್ತಿದ್ದ.

"ಅದಿರ್ಲಿ," ಎಂದೆ. "ಏರು ಬಂದ್ರ ಗೇರ್ ಇಳಸ್ತೀಯೋ, ಹೆಂಡ್ತೀನ ಇಳಸ್ತೀಯೋ? ಅದನ್ನ ಹೇಳು ಮೊದ್ಲ."