ಅಲ್ವಿನ್ ಖಾಲಿ ಬಿಟ್ಟ ಸಾಲು

ನೆಬ್ರಾಸ್ಕಾದ ನಮ್ಮ ಡೊಬ್ರಿ ಊರಿನಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವನು ಅಲ್ವಿನ್ ಸ್ಟೆಯ್ಸ್ಕಲ್. ಹಿಮ ಸೊಂಟದುದ್ದ ಬಿದ್ದರೂ ಒಂದು ಕಾಗದವನ್ನೂ ತಪ್ಪಿಸಿದವನಲ್ಲ. ಹಾಗಾಗಿ ಊರಿನ ಒಂದೇ ದಿನಸಿ ಅಂಗಡಿ ಮುಚ್ಚುವ ಸ್ಥಿತಿಗೆ ಬಂದು, ಅದನ್ನು ಉಳಿಸಲು ಊರವರೇ ಸೇರಿ ಕಂಪನಿ ಕಟ್ಟಿದಾಗ, ಸರ್ಕಾರಕ್ಕೆ ಕೊಡುವ ಅರ್ಜಿ ತುಂಬುವ ಕೆಲಸ ನಿವೃತ್ತನಾಗಿದ್ದ ಅವನ ಪಾಲಿಗೆ ಬಂತು.

ಲಿಬ್ಬಿ ಕುಚೇರಾ, ತೀರಿಹೋದ ತನ್ನ ಗಂಡ ನಡೆಸುತ್ತಿದ್ದ ಆ ಅಂಗಡಿಯ ಕಟ್ಟಡವನ್ನೇ ಕಂಪನಿಗೆ ಕೊಟ್ಟು ಷೇರು ತಗೊಂಡಳು. ಅವಳದು ಒಂದೇ ಮಾತು: ಅಲ್ಲಿ ದಿನಸಿಯೇ ಮಾರಬೇಕು.

ಅರ್ಜಿಯಲ್ಲೊಂದು ಸಾಲಿತ್ತು, ಕಂಪನಿಯ ಉದ್ದೇಶ ಏನು ಅಂತ. "ಖಾಲಿ ಬಿಡಿ. ಕಾನೂನು ಒಪ್ಪೋ ಯಾವ ವ್ಯಾಪಾರ ಬೇಕಾದ್ರೂ ಮಾಡ್ಬಹುದು ಅಂತ ಆಗುತ್ತೆ. ಎಲ್ಲರೂ ಹಾಗೇ ಮಾಡೋದು," ಅಂದ ಕಂಪನಿಯ ವಕೀಲ. ಅಲ್ವಿನ್ ಬಿಟ್ಟ. ಆದರೆ ಚರ್ಚಿನ ನೆಲಮಾಳಿಗೆಯಲ್ಲಿ ಊರವರಿಗೆ ಓದಿ ಹೇಳುವಾಗ, ಎದುರಿಗೇ ಕೂತಿದ್ದ ಲಿಬ್ಬಿಯ ಮುಖ ನೋಡಿ, "ಉದ್ದೇಶ, ಊರಿಗೆ ದಿನಸಿ ಅಂಗಡಿ ನಡೆಸುವುದು," ಅಂತ ತಾನೇ ಸೇರಿಸಿ ಓದಿಬಿಟ್ಟ. ಚಪ್ಪಾಳೆ ಬಿತ್ತು. ಹೆಂಗಸರು ಹಣ್ಣಿನ ಹೂರಣದ ಕೊಲಾಚಿ ಬನ್ನು ಹಂಚಿದರು.

ಆರು ವರ್ಷದ ಮೇಲೆ ಕಂಪನಿಯ ಅಧ್ಯಕ್ಷ ಡ್ವೇನ್ ವೊಂಡ್ರಾ ಲಿಬ್ಬಿ ಕೊಟ್ಟ ಅಂಗಡಿ ಕಟ್ಟಡದಲ್ಲಿ ಬಿಯರು, ಜೂಜಿನ ಅಡ್ಡೆ ಹಾಕೋಣ ಅಂತ ಚರ್ಚಿನ ಅದೇ ನೆಲಮಾಳಿಗೆಯಲ್ಲಿ ಸಭೆ ಕರೆದ. ಷೇರುಗಳೂ ಅವನ ಕಡೆಗೇ ಹೆಚ್ಚು.

"ಆಗಲ್ಲ ಕಣೋ ಡ್ವೇನ್," ಅಂದಳು ಲಿಬ್ಬಿ. "ನಮ್ಮ ಕಾಗದದಲ್ಲೇ ಬರೆದಿದೆ. ಅಲ್ವಿನ್, ಓದಪ್ಪಾ. ಈ ದೊಡ್ಡ ಮನುಷ್ಯನ ಕಿವಿಗೆ ಬೀಳ್ಲಿ."

"ಓದ್ಲಿ ಬಿಡಿ. ಅಲ್ವಿನ್ ಓದಿದ್ರೆ ಪಾದ್ರಿಗಳು ಓದಿದ ಹಾಗೇ," ಎಂದು ಡ್ವೇನ್ ಹಲ್ಲು ಬಿಟ್ಟ. ಅವನು ಕಾಗದ ಆಗಲೇ ನೋಡಿದ್ದ.

ಅಲ್ವಿನ್ ಎದ್ದು ನಿಂತ. ಕಿವಿಯ ತುದಿಯವರೆಗೂ ಬಿಸಿಯೇರಿತು. ಕಾಗದದಿಂದ ಕಣ್ಣೆತ್ತಲಾಗಲಿಲ್ಲ.

"ಇಲ್ಲೇನೂ ಬರೆದಿಲ್ಲ, ಮಿಸೆಸ್ ಕುಚೇರಾ. ಆವತ್ತೂ ಬರೆದಿರಲಿಲ್ಲ. ನಾನೇ ಕಟ್ಟಿ ಹೇಳಿದ್ದು."

"ಯಾಕೋ?"

"ನೀವು ಬೇಜಾರು ಮಾಡ್ಕೋತೀರಿ ಅಂತ."

ಲಿಬ್ಬಿ ಕುರ್ಚಿಯ ಮೇಲಿದ್ದ ಕೋಟು ಕೈಗೆತ್ತಿಕೊಂಡಳು.

"ನನ್ನ ಕಣ್ಣಿಗೆ ಆಪರೇಷನ್ ಆದಾಗ, ಯುದ್ಧಕ್ಕೆ ಹೋಗಿದ್ದ ನನ್ನ ಮಗನ ಕಾಗದ ಓದ್ತಿದ್ದವನೂ ನೀನೇ. ಅದರಲ್ಲಿ ಅವನದೆಷ್ಟು, ನಿನ್ನದೆಷ್ಟು?"

"ಒಂದಕ್ಷರಾನೂ ಸೇರಿಸಿಲ್ಲ," ಅಂದ. ಅದು ನಿಜ. ಆದರೆ 'ನನ್ನನ್ನು ನಂಬಿ' ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಲಿಬ್ಬಿ ಕೋಟು ತೊಟ್ಟುಕೊಂಡು, ಮತ ಹಾಕಲೂ ನಿಲ್ಲದೆ, ಮೆಟ್ಟಿಲು ಹತ್ತಿ ಹೋದಳು.